ಐದನೇ ಸೊನ್ನೆ

ಹಾಳೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಪದವಿ ಮುಗಿದ ಆರು ತಿಂಗಳಲ್ಲಿ ಕೆಲಸ ಸಿಗುವ ವಿಶ್ವಾಸ ನಿಮಗೆಷ್ಟಿದೆ? ಕೆಳಗೆ ಐದು ಸೊನ್ನೆ. ಮೊದಲನೆಯದನ್ನು ತುಂಬಿದರೆ ಏನೂ ಇಲ್ಲ, ಐದನೆಯದಾದರೆ ಪೂರ್ಣ. ಮೇಲೆ ಹೆಸರು. ಪೆನ್ಸಿಲಿನಲ್ಲೇ ತುಂಬಬೇಕೆಂದು ಕಟ್ಟಪ್ಪಣೆ.

ಪೆನ್ಸಿಲ್ ಯಾಕೆಂದು ಕೊನೆಯ ವರ್ಷದ ಆ ಹುಡುಗಿಗೆ ತಿಳಿದದ್ದು ತರಗತಿಯವರ ಹಾಳೆಗಳೆಲ್ಲ ಕಟ್ಟಾಗಿ ತನ್ನ ಮುಂದೆ ಬಂದಾಗ. ಕಾಲೇಜಿನ ಉದ್ಯೋಗ ಮಾರ್ಗದರ್ಶನ ಕಚೇರಿಯ ಸಾಹೇಬರು ಜೊತೆಗೆ ಒಂದು ಡಬ್ಬಿ ರಬ್ಬರನ್ನೂ ಇಟ್ಟರು.

"ಎಲ್ರೂ ಒಂದು, ಎರಡು ಅಂತ ಗೀಚಿದ್ದಾರೆ. ಇದನ್ನ ಅಚ್ಚು ಹಾಕಿಸಿದ್ರೆ ಮುಂದಿನ ವರ್ಷ ಇಲ್ಲಿಗೆ ನೊಣನೂ ಬರಲ್ಲ. ಸರಿಮಾಡಮ್ಮ. ಇದೇ ಕಚೇರಿಯಲ್ಲಿ ಗುಮಾಸ್ತರ ಜಾಗ ಖಾಲಿ ಇದೆ. ನಿನ್ನ ನೆನಪಿದೆ ನಂಗೆ."

ಆ ಜಾಗ ಅವಳಿಗೆ ಬೇಕೇಬೇಕಿತ್ತು. ಅದೇ ಕಟ್ಟಡದ ನೆಲ ಗುಡಿಸಿ ಒರೆಸುವ ಅಮ್ಮನಿಗೆ ಈ ವರ್ಷ ಮಂಡಿ ಕೈಕೊಟ್ಟಿತ್ತು.

ಮೂರು ದಿನ ಅಳಿಸಿದಳು, ತುಂಬಿದಳು. ಗೆಳತಿಯರ ದಿಗಿಲನ್ನು ಉಜ್ಜಿ ಉಜ್ಜಿ ಪುಡಿ ಮಾಡಿದಳು. ಕೊನೆಗೆ ತನ್ನದೇ ಹಾಳೆ ಸಿಕ್ಕಿತು. ಮೊದಲ ಸೊನ್ನೆ, ಕಾಗದ ಹರಿಯುವಷ್ಟು ಒತ್ತಿ ತುಂಬಿದ್ದು. ಅದನ್ನೂ ಐದಕ್ಕೆ ಏರಿಸಿದಳು. ಹಸಿದವರ ಕೈಯಿಂದಲೇ ಹೊಟ್ಟೆ ತುಂಬಿದೆ ಎಂದು ಬರೆಸಿಕೊಳ್ಳುವುದು, ಆ ಕಟ್ಟಡ ಕಲಿಸಿದ ವಿದ್ಯೆ ಇಷ್ಟೇ.

"ನೂರಕ್ಕೆ ತೊಂಬತ್ತಾರು! ಭೇಷ್," ಎಂದರು ಸಾಹೇಬರು.

"ಸರ್, ಆ ಜಾಗ..."

"ಅದು ನಮ್ಮ ಬಾಮೈದನಿಗಾಯ್ತಮ್ಮ. ಪಾಪ, ಅವನಿಗೆ ಬೇರೆಲ್ಲೂ ಗಿಟ್ಟಲ್ಲ. ನಿಂಗೇನು?" ಕಟ್ಟಿನಿಂದ ಅವಳ ಹಾಳೆ ಎಳೆದರು. "ಪೂರ್ಣ ವಿಶ್ವಾಸ ಅಂತ ನೀನೇ ತುಂಬಿದ್ದೀಯಲ್ಲ."

"ನೀವು ಹೇಳಿದ್ದಕ್ಕೆ ತುಂಬಿದೆ ಸರ್."

"ರಬ್ಬರ್ ಹಿಡಿದ ಕೈ ಯಾರದು? ಉಳಿದವರಿಗೂ ಹೇಳ್ಲಾ?"

ಅಷ್ಟರಲ್ಲಿ ಪೊರಕೆ ಹಿಡಿದು ಅಮ್ಮ ಒಳಬಂದಳು. ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡೇ ಮೇಜಿನಡಿ ಬಗ್ಗಿದಳು.

"ಇದೆಂಥ ರಬ್ಬರ್ ಪುಡಿನಪ್ಪ, ಮೂರು ದಿನದಿಂದ ಗುಡಿಸಿದಷ್ಟೂ ಮುಗೀತಿಲ್ಲ. ಸಾಹೇಬ್ರೇ, ನಮ್ಮ ಹುಡುಗಿದು ಏನಾಯ್ತು?"

"ಅವಳಿಗೇನು ಕಮ್ಮಿಯಮ್ಮ? ಪೂರ್ತಿ ವಿಶ್ವಾಸ ಇದೆ ಅವಳಿಗೆ."

ಅಮ್ಮನ ಮುಖ ಊರಗಲವಾಯಿತು. ಮಗಳು ಆ ಮುಖ ನೋಡಲಾರದೆ ಅವಳ ಕೈಯಿಂದ ಪೊರಕೆ ತೆಗೆದುಕೊಂಡು, ಬಗ್ಗಿ, ಉಳಿದ ಪುಡಿಯನ್ನು ಗುಡಿಸತೊಡಗಿದಳು.

ಸಾಹೇಬರು ಕಾಲೆತ್ತಿ ಜಾಗ ಬಿಟ್ಟುಕೊಟ್ಟರು. "ಆ ಮೂಲೇಲೂ ಇದೆ ನೋಡು," ಎಂದು ಎತ್ತಿದ ಕಾಲಲ್ಲೇ ತೋರಿಸಿದರು.