ದಿಡ್ಡಿಯ ದಾರಿ

ನಮ್ಮ ಕೋಟೆ ನೋಡಲು ಬಂದವರೆಲ್ಲ ಮೊದಲು ಹೊಗಳುವುದು ಅಗಸಿ ಬಾಗಿಲನ್ನು. ಕಂದಕ ದಾಟಿದ ಕೂಡಲೇ ದಾರಿ ಬಲಕ್ಕೆ ಹೊರಳುತ್ತದೆ, ಎದುರಿಗೆ ಗೋಡೆ ಬರುತ್ತದೆ, ಮತ್ತೆ ಎಡಕ್ಕೆ ಹೊರಳಬೇಕು, ಅಲ್ಲಿ ಇನ್ನೊಂದು ಬಾಗಿಲು. ಆನೆ ಓಡಿ ಬಂದು ಗುದ್ದಬಾರದು, ಅದಕ್ಕೆ ಓಟವೇ ಸಿಗಬಾರದು ಎಂದು ಹೀಗೆ ಕಟ್ಟಿದ್ದಾರೆ. ನೆಲದ ಬಂಡೆಗಳಿಗೂ ಏರು ಕೊಟ್ಟಿದ್ದಾರೆ. ಬಂದವರು ಗೋಡೆಯ ಮೇಲೆ ಕೈಯಾಡಿಸಿ, “ಎಂಥಾ ತಲೆ ನೋಡಿ ಅವರದು” ಎನ್ನುತ್ತಾರೆ. ತಲೆಯೇನೋ ಸರಿ. ಕೋಟೆಯೊಳಗೆ ಸಂಸಾರ ಹೂಡಿಕೊಂಡಿರುವ ನಮ್ಮ ಗತಿ ಏನೆಂದು ಯಾರೂ ಕೇಳುವುದಿಲ್ಲ. ಆನೆ ಹಾಗಿರಲಿ, ಇಲ್ಲಿ ಆಟೋ ಹೊರಳುವುದಿಲ್ಲ, ಆಂಬುಲೆನ್ಸ್ ಹೊರಳುವುದಿಲ್ಲ. ಸುಲ್ತಾನರು ಹೋದರು, ದಂಡು ಹೋಯಿತು, ಅಗಸಿ ಮಾತ್ರ ಇನ್ನೂ ಡ್ಯೂಟಿ ಮಾಡುತ್ತಿದೆ.

ನನ್ನ ಅವ್ವ ಮುದುಕಮ್ಮನ ಕಿಡ್ನಿ ಕೆಟ್ಟಾಗಿನಿಂದ ಸೋಮವಾರ ಮತ್ತು ಗುರುವಾರ ಆಕೆಯನ್ನು ಡಯಾಲಿಸಿಸ್‌ಗೆ ಲಿಂಗಸುಗೂರಿಗೆ ಕರೆದೊಯ್ಯಬೇಕು. ಮೊಣಕಾಲು ಏರಿಳಿತ ತಡೆಯುವುದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ನಾನು, ಇನ್ನೊಂದು ಕಡೆ ಆಟೋ ಓಡಿಸುವ ಇಶ್ತಿಯಾಕ್ ಎತ್ತಿಕೊಂಡು, ಊರೆಲ್ಲ ದಾಟಿ ಅಗಸಿಯ ಎರಡು ತಿರುವು ಇಳಿಸಿ, ಕಂದಕದಾಚೆ ನಿಂತ ಆಟೋಕ್ಕೆ ಹತ್ತಿಸುತ್ತೇವೆ. ಸಂಜೆ ಅದೇ ದಾರಿಯಲ್ಲಿ ಏರು. ನಾನು ಕಚೇರಿಯಲ್ಲಿ ಗುಮಾಸ್ತ. ರಜೆ ಕೇಳಲು ಹೋದರೆ ಸಾಹೇಬರು ಈಗ ತಲೆ ಎತ್ತುವುದನ್ನೂ ಬಿಟ್ಟಿದ್ದಾರೆ. ರಾತ್ರಿ ಹೆಂಡತಿ ಮಹಾಲಕ್ಷ್ಮಿ ಬೆನ್ನಿಗೆ ಎಣ್ಣೆ ತಿಕ್ಕುತ್ತಾಳೆ. ತಿಕ್ಕುವಾಗ ಇಬ್ಬರೂ ಮಾತಾಡುವುದಿಲ್ಲ, ಮಾತಾಡಲು ಜೀವ ಇರುವುದಿಲ್ಲ.

ನಮ್ಮ ಮನೆಯ ಹಿಂದೆಯೇ ಕೋಟೆಗೋಡೆಯಲ್ಲಿ ಒಂದು ದಿಡ್ಡಿ ಇದೆ. ಮುತ್ತಿಗೆ ಬಿದ್ದಾಗ ಒಳಗಿನವರು ಗುಟ್ಟಾಗಿ ಹೊರಬೀಳಲು ಮಾಡಿಕೊಂಡ ಗಿಡ್ಡ ಬಾಗಿಲು. ಹೊರಗಿನಿಂದ ನುಗ್ಗುವವನು ಬಗ್ಗಿ ತಲೆಯನ್ನೇ ಮೊದಲು ಒಳಗಿಡಬೇಕು, ಒಳಗೆ ಕತ್ತಿ ಹಿಡಿದವನಿಗೆ ಅಷ್ಟು ಸಾಕು. ಏರಿಲ್ಲ, ತಿರುವಿಲ್ಲ, ಹೊಸ ರಸ್ತೆ ಅದರ ಬಾಯಿಗೇ ಬಂದಿದೆ. ಆದರೆ ಆ ದಾರಿ ಹೆಣಕ್ಕೆ. ಹಿಂದೂ ಇರಲಿ ಮುಸ್ಲಿಂ ಇರಲಿ, ಸತ್ತವರು ಹೋಗುವುದು ದಿಡ್ಡಿಯಿಂದ. ಹೊತ್ತವರು ಕೂಡ ಸುತ್ತುಹಾಕಿ ಅಗಸಿಯಿಂದಲೇ ಮನೆಗೆ ಬರಬೇಕು. ಆಡು ಅತ್ತ ಹೋದರೂ ಮುದುಕರು ಕಲ್ಲೆಸೆದು ತಿರುಗಿಸುತ್ತಾರೆ. ನನ್ನ ಅಪ್ಪ ಅಲ್ಲಿಂದಲೇ ಹೋದ.

ಆ ಗುರುವಾರ ಇಶ್ತಿಯಾಕ್ ನಡು ಹಿಡಿದುಕೊಂಡು ಬಂದ. “ಗಾಡಿ ಹೊಡಿತೀನಣ್ಣ, ಎತ್ತಾಕ ಮಾತ್ರ ಆಗಂಗಿಲ್ಲ” ಎಂದ. ಅವನನ್ನು ಗಾಡಿಯ ಹತ್ತಿರ ಕಳಿಸಿ, ಕುರ್ಚಿಯ ಇನ್ನೊಂದು ಕಡೆ ಮಹಾಲಕ್ಷ್ಮಿ ಹಿಡಿದಳು. ಅಗಸಿಯ ಮೊದಲ ತಿರುವಿನವರೆಗೆ ಹೇಗೋ ಬಂದೆವು. ಅಲ್ಲಿಯ ಬಂಡೆ ತುಳಿದು ತುಳಿದು ನುಣ್ಣಗಾಗಿದೆ. ಅವಳ ಕಾಲು ಜಾರಿತು, ಕುರ್ಚಿ ವಾಲಿತು, ಅವ್ವ ಗೋಡೆಯ ಕಲ್ಲಿಗೆ ಉಗುರು ಊರಿ ನಿಂತಳು. ಯಾರಿಗೂ ಪೆಟ್ಟಾಗಲಿಲ್ಲ. ಮೂವರೂ ಕಾವಲುಗಾರರ ಹಳೆಯ ಕಟ್ಟೆಯ ಮೇಲೆ ಕುಸಿದು ಕೂತೆವು.

“ಹುಲಿಗೇಶ,” ಎಂದಳು ಅವ್ವ, “ದಿಡ್ಡಿಲೇ ಒಯ್ಯಿ ನನ್ನ.”

“ಬಾಯಿಗೆ ಬಂದಂಗ ಮಾತಾಡಬ್ಯಾಡ ಬೇ.”

“ಇಕಿ ಸೊಂಟ ಮುರದ್ರ ಮನಿ ನೋಡೋರು ಯಾರು? ನಡಿ.”

“ನಿನ್ನ ಜೀವಂತ ದಿಡ್ಡಿಗೆ ಒಯ್ದ ಅಂತ ಊರು ನನ್ನ ಮಕಕ್ಕ ಉಗಳತೈತಿ. ನಿನಗೇನರ ಆದ್ರ?”

ನಾನು ಅಷ್ಟು ಕೂಗಬೇಕಾಗಿರಲಿಲ್ಲ. ಅವ್ವ ನನ್ನ ಕಡೆ ತಿರುಗಿದಳು.

“ದಿನಾ ಮನಿ ಬಿಡುವಾಗ ನಿನ್ನ ಕಣ್ಣು ಮೊದಲು ಅತ್ತಾಗ ಹೋಗತಾವ. ನಾ ನೋಡಿಲ್ಲ ಅಂತ ತಿಳದೀಯೇನು?”

ಅದು ನಿಜ. ತಿಂಗಳುಗಳಿಂದ ನಾನು ಆ ಬಾಗಿಲನ್ನು ನೋಡುತ್ತಿದ್ದೆ. ಎಷ್ಟು ಹತ್ತಿರ, ಎಷ್ಟು ಸಲೀಸು ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡಾಗೆಲ್ಲ ಅವ್ವನ ಸಾವನ್ನೇ ಬಯಸಿದೆನೇನೋ ಎಂದು ಹೆದರುತ್ತಿದ್ದೆ.

“ನನಗ ದಣಿವಾಗೇತಿ ಯವ್ವಾ,” ಎಂದೆ.

“ಗೊತ್ತೈತಿ. ನನಗೂ ಆಗೇತಿ.”

ಇಶ್ತಿಯಾಕ್‌ಗೆ ಫೋನ್ ಮಾಡಿ ಆಟೋ ಸುತ್ತುಹಾಕಿಸಿದೆ. ಬಂದ ದಾರಿಯಲ್ಲೇ ವಾಪಸಾಗಿ ದಿಡ್ಡಿಯ ಮುಂದೆ ಕುರ್ಚಿ ಇಳಿಸಿದೆವು. ಎದುರುಮನೆಯ ಲಾಲ್‌ಬೀ ಮುಸುರೆ ತಿಕ್ಕುತ್ತಿದ್ದವಳು ಎದ್ದು ಓಡಿ ಬಂದಳು. “ಯಾ ಅಲ್ಲಾ! ಮುದುಕಮ್ಮನ ಇತ್ತಾಗ ಯಾಕ ತಂದೀಯೋ? ಕೈ ಸೋತ್ರ ನಮ್ಮ ಹುಡುಗರನ ಕರೀಬೇಕಿಲ್ಲೇನು?”

ಅವ್ವ ನನ್ನ ತೋಳು ಹಿಡಿದು, ಬಗ್ಗಿ, ಮೆಲ್ಲಗೆ ಆಚೆ ಹೋದಳು. ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಆಗಿತ್ತೇ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಆ ದಿನ ಮಧ್ಯದಲ್ಲೇ ಅವ್ವನ ಬಿಪಿ ಇಳಿಯಿತು. ಹಿಂದೆಯೂ ಇಳಿದದ್ದುಂಟು. ಆದರೆ ಅವತ್ತು ಸಿಸ್ಟರ್ ಮಂಚದ ಕಾಲ ಕಡೆ ಎತ್ತರಿಸಿ ಸಲೈನ್ ಬಿಡುವಾಗ ನಾನು ಹೊರಗೆ ಬಂದುಬಿಟ್ಟೆ. ಆಕೆ ಹೀಗೇ ಹೋಗಿಬಿಟ್ಟರೆ ನಾನೇ ಕಳಿಸಿದಂತಾಗುತ್ತದೆ, ಬದುಕಿರುವಷ್ಟು ದಿನ ನನಗೆ ಈ ಮಾತು ತಪ್ಪಿದ್ದಲ್ಲ. ಪಡಸಾಲೆಯ ಬೆಂಚಿನ ಮೇಲೆ ಕೂತು ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಒಂದಿಷ್ಟು ಹೊತ್ತಿಗೆ ಸಿಸ್ಟರ್ ಹೊರಬಂದು, “ನಿಮ್ಮವ್ವ ಚಾ ಕೇಳಾಕತ್ತಾರ್ರೀ, ಬ್ಯಾಡಂದ್ರ ಕೇಳವೊಲ್ರು” ಎಂದಳು.

ಸಂಜೆ ಇಶ್ತಿಯಾಕ್ ರೂಢಿಯಂತೆ ಗಾಡಿಯನ್ನು ಅಗಸಿಯ ಕಡೆ ತಿರುಗಿಸಿದ. ನಾನೂ ತಡೆಯಲಿಲ್ಲ. ದಿಡ್ಡಿಯಿಂದ ಒಳಗೆ ಬಂದವರನ್ನು ನಾನಂತೂ ಕಂಡಿರಲಿಲ್ಲ.

“ಎಲ್ಲಿಗೆ ಹೊಂಟೀಯಪಾ?” ಅವ್ವ ಹಿಂದಿನಿಂದ ಅವನ ಭುಜ ತಟ್ಟಿದಳು. “ಹೋದ ದಾರಿಲೇ ಹೊಳ್ಳಿ ಬರೂದು.”

ದಿಡ್ಡಿಯ ಒಳಬದಿಗೆ ಲಾಲ್‌ಬೀ, ಮಹಾಲಕ್ಷ್ಮಿ, ಓಣಿಯ ನಾಲ್ಕೈದು ಹೆಂಗಸರು ನಿಂತಿದ್ದರು. ಅವ್ವ ಚೌಕಟ್ಟಿಗೆ ಕೈಯೂರಿ ಬಗ್ಗಿದಳು. ತಲೆ ಒಳಗೆ ಹೋಯಿತು, ಮೈ ಹೊರಗುಳಿಯಿತು. ಉಸಿರು ಹತ್ತಿ ಹಾಗೇ ನಿಂತಳು. ಹಿಂದಿನಿಂದ ಹಿಡಿಯಲು ಹೋದರೆ, “ಬಿಡಲೇ, ನಾ ಬರತೀನಿ” ಎಂದು ಗದರಿದಳು. ಲಾಲ್‌ಬೀ ಅಷ್ಟು ಹೊತ್ತು ದೂರವೇ ಇದ್ದವಳು ಮುಂದೆ ಬಂದು, ಬಿಸ್ಮಿಲ್ಲಾ ಎಂದು ಆಕೆಯ ಎರಡೂ ಕೈ ಹಿಡಿದು ಒಳಗೆಳೆದುಕೊಂಡಳು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು.

“ಇಲ್ಲಿಂದ ಹೋದೋರು ಮನಿಮನಿಗೂ ಅದಾರ. ಹೊಳ್ಳಿ ಬಂದಾಕಿ ನಾನೊಬ್ಬಾಕಿ ನೋಡ ಲಾಲ್‌ಬೀ.”

ಲಾಲ್‌ಬೀಗೆ ನಗು ಬಂತು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ಹೊಸ್ತಿಲ ಹೊರಗೆ ಕಲ್ಲಿನ ಮೇಲೆ ಕೂತು, ಎಲ್ಲರೆದುರು, ಚಿಕ್ಕವನ ಹಾಗೆ ಬಿಕ್ಕಿದೆ.

ಅವ್ವ ಮತ್ತೆ ಬಗ್ಗಿ, ಆ ಗಿಡ್ಡ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು.

“ಏಳಲೇ, ಒಳಗ ಬಾ. ಸ್ವಾಮಾರ ಮತ್ತ ಹೋಗೂದೈತಿ.”