ಇಸ್ತ್ರಿಪೆಟ್ಟಿಗೆ ಮುಟ್ಟಿದ್ದು ಯಾರು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಬಚ್ಚಲು. ಅಷ್ಟರಲ್ಲೇ ಅವಳು, ಒಂಬತ್ತು ವರ್ಷದ ದೊಡ್ಡವಳು, ನಾಲ್ಕು ವರ್ಷದ ಪುಟ್ಟಿ, ಮೇಲೆ ಹೊಲಿಗೆ ಮಿಷನ್ನು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆರಡು ಸಲ ಮುಖ ತೋರಿಸುವವನು. ಬೇಸಿಗೆ ರಜೆ ಬಂತೆಂದರೆ ಟೈಲರಮ್ಮನಿಗೆ ತಲೆನೋವು. ಮಕ್ಕಳು ಒಳಗಿದ್ದರೆ ಕಿತ್ತಾಟ, ಹೊರಗೆ ಬಿಟ್ಟರೆ ತಾರಸಿಯ ಸುಡುಬಿಸಿಲಲ್ಲಿ ಕುಣಿತ.

ಆ ಮಧ್ಯಾಹ್ನ ಕ್ಲಿನಿಕ್ಕಿನ ನರ್ಸುಗಳ ಹನ್ನೆರಡು ಕೋಟು ಕೊಡಬೇಕಿತ್ತು. ಕೊನೆಯದಕ್ಕೆ ಇಸ್ತ್ರಿ ಹಾಕುವಾಗಲೇ ಕರೆಂಟು ಕೈಕೊಟ್ಟಿತು. ಉಳಿದ ಬಿಸಿಯಲ್ಲೇ ಕಾಲರ್ ಒತ್ತಿ ಮುಗಿಸಿದಳು. ಪೆಟ್ಟಿಗೆಯನ್ನು ಮೇಜಿನ ಕಂಬಳಿಯ ಮೇಲೆ ಹಾಗೇ ಮಲಗಿಸಿ, ಕೋಟುಗಳನ್ನು ಗಂಟು ಕಟ್ಟಿ ಹೊರಟಳು. ಸ್ವಿಚ್ ಆರಿಸಬೇಕೆಂಬುದು ಹೊಳೆಯಲೇ ಇಲ್ಲ.

"ಹತ್ತೇ ನಿಮಿಷ, ಬಂದ್ಬಿಡ್ತೀನಿ," ಎಂದು ಹೊರಗಿನಿಂದ ಬೀಗ ಜಡಿದಳು.

"ಬೀಗ ಬೇಡಮ್ಮಾ," ಎಂದಳು ದೊಡ್ಡವಳು ಒಳಗಿನಿಂದ.

"ಬೇಡ ಅಂದ್ರೆ ತಾರಸಿಗೆ ಓಡ್ತೀರಲ್ಲ, ಅದಕ್ಕೇ ಬೇಕು!"

ಕ್ಲಿನಿಕ್ಕಿನಲ್ಲಿ ಜನರೇಟರ್ ಓಡುತ್ತಿತ್ತು. ಫ್ಯಾನಿನ ಕೆಳಗೆ ಕೂರಿಸಿ ತಣ್ಣೀರು ಕೊಟ್ಟರು. ಬೆವರಿದ ಬೆನ್ನಿಗೆ ಗಾಳಿ ತಾಗಿದ್ದೇ ತಡ, ಏಳುವ ಮನಸ್ಸಾಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಡುವೆ ಯಾರೋ "ಕರೆಂಟು ಬಂತು" ಅಂದರು. ಸದ್ಯ, ಮಕ್ಕಳಿಗೆ ಫ್ಯಾನು ತಿರುಗುತ್ತೆ ಎಂದು ಅವಳು ಇನ್ನಷ್ಟು ಹೊತ್ತು ಕುಳಿತಳು.

ಬೀದಿಯ ತಿರುವಿಗೆ ಬಂದಾಗ ತನ್ನ ಕಿಟಕಿಯಿಂದ ಕಪ್ಪು ಹೊಗೆ ಏಳುತ್ತಿತ್ತು. ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಕೆಳಗಿನ ಗ್ಯಾರೇಜಿನವನು ಕಬ್ಬಿಣದ ಸಲಾಕೆಯಿಂದ ಬೀಗ ಒಡೆದು ಆಗಲೇ ಒಳಗೆ ನುಗ್ಗಿದ್ದ. ಮಕ್ಕಳು ಬಚ್ಚಲಲ್ಲಿದ್ದರು. ದೊಡ್ಡವಳು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ತಂಗಿಯನ್ನು ಮಡಿಲಲ್ಲಿ ಅವುಚಿಕೊಂಡು ನಲ್ಲಿಯ ಕೆಳಗೆ ಕುಳಿತಿದ್ದಳು. ಉರಿಯುವ ಕಂಬಳಿಯನ್ನು ಎಳೆಯಹೋಗಿ ಅವಳ ಬಲ ಅಂಗೈ ತುಂಬ ಗುಳ್ಳೆ ಎದ್ದಿತ್ತು.

ಅಗ್ನಿಶಾಮಕದವರು ಬಂದು ಉಳಿದ ಬೆಂಕಿಯನ್ನು ನಂದಿಸಿದರು. ಅವರ ಮುಖ್ಯಸ್ಥ ಕರಕಲಾದ ಮೇಜನ್ನು ನೋಡಿ, "ಇಸ್ತ್ರಿಪೆಟ್ಟಿಗೆ ಆನ್ ಮಾಡಿಟ್ಟಿದ್ದು ಯಾರಮ್ಮ?" ಎಂದ.

ಮೆಟ್ಟಿಲ ತುಂಬ ನೆರೆಹೊರೆಯವರು. ಎಲ್ಲರ ಕಣ್ಣೂ ಅವಳ ಮೇಲೆ. ಬಾಯಿಗೆ ಏನು ಬಂತೋ ಅದೇ ಹೊರಬಿತ್ತು.

"ಮಕ್ಕಳು ಮುಟ್ಟಿರ್ಬೇಕು ಸಾರ್. ರಜಾ ಅಲ್ವಾ, ಕೈ ಸುಮ್ನೆ ಇರಲ್ಲ."

"ಏನೇ ಹುಡುಗಿ, ಅಮ್ಮ ಒಬ್ಳೇ ಒದ್ದಾಡ್ತಿರೋದು ಕಾಣಲ್ವಾ?" ಎಂದು ಎದುರುಮನೆಯ ಅಜ್ಜಿ ಗದರಿದಳು.

ದೊಡ್ಡವಳು ಅಮ್ಮನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು ಅಜ್ಜಿ," ಎಂದಳು.

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಟೈಲರಮ್ಮನಿಗೆ. ಆದರೂ ಮೂರು ದಿನ ಗೋಡೆಯ ಮಸಿ ಉಜ್ಜಿದಳು, ಮಕ್ಕಳಿಗೆ ತುತ್ತಿಟ್ಟಳು, ದೊಡ್ಡವಳ ಕಣ್ಣು ತಪ್ಪಿಸಿ ಓಡಾಡಿದಳು. ಬೈದಿದ್ದರೆ, ಅತ್ತು ರಂಪ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆ ಹುಡುಗಿ ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಅವಳ ಪಕ್ಕದಲ್ಲೇ ಗೋಡೆ ಉಜ್ಜಿದಳು.

ನಾಲ್ಕನೇ ದಿನ ಅದೇ ಕ್ಲಿನಿಕ್ಕಿನಲ್ಲಿ ದೊಡ್ಡವಳ ಕೈಯ ಪಟ್ಟಿ ಬದಲಿಸುತ್ತ ನರ್ಸು, "ಹೇಗಾಯ್ತು ಮರಿ?" ಎಂದಳು.

"ನಾನು ಇಸ್ತ್ರಿ ಆನ್ ಮಾಡ್ಬಿಟ್ಟೆ," ಎಂದಳು ದೊಡ್ಡವಳು, ಪಾಠ ಒಪ್ಪಿಸುವ ಹಾಗೆ.

ಟೈಲರಮ್ಮ ನಡುವೆ ಬಾಯಿಹಾಕಿದಳು. "ಇಲ್ಲ ಸಿಸ್ಟರ್, ಅವಳು ಮುಟ್ಟೇ ಇಲ್ಲ. ಸ್ವಿಚ್ ಆರಿಸದೆ ಬಂದವಳು ನಾನು. ಬೀಗ ಹಾಕಿದವಳೂ ನಾನೇ. ಅವು ಒಳಗೆ ಬೇಯ್ತಿದ್ದಾಗ ಇಲ್ಲೇ ನಿಮ್ ಫ್ಯಾನಿನ ಕೆಳಗೆ ಹರಟೆ ಹೊಡೀತಿದ್ದೆ."

ಸಂಜೆ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಅದನ್ನೇ ಹೇಳಿದಳು. ಗ್ಯಾರೇಜಿನವನು ಕೈಯ ಗ್ರೀಸ್ ಒರೆಸುತ್ತಲೇ ನಿಂತ. "ಎರಡು ನಿಮಿಷ ತಡ ಆಗಿದ್ರೆ..." ಎಂದ. ಅಜ್ಜಿ ದೊಡ್ಡವಳ ತಲೆ ಸವರಿ, "ನಿನ್ನ ಸುಮ್ನೆ ಬೈದ್ನಲ್ಲೇ ಕಂದಾ," ಎಂದಳು. ಟೈಲರಮ್ಮನತ್ತ ತಿರುಗಿ, "ಹೊರಗೆ ಹೋಗೋವಾಗ ಮಕ್ಕಳನ್ನ ನಮ್ಮನೇಲಿ ಬಿಟ್ಟು ಹೋಗು. ಒಂದು ಮಾತು ಕೇಳೋಕೆ ನಿಂಗೇನು ಬಾಯಿಲ್ವಾ?" ಎಂದಳು. ಯಾರೂ ಕೂಗಾಡಲಿಲ್ಲ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಒಳಗೆ ಬಂದ ಮೇಲೆ ದೊಡ್ಡವಳು ಮೆಲ್ಲಗೆ ಕೇಳಿದಳು: "ನಾನು ಅವತ್ತೇ ನಿಜ ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ ಅಲ್ವಾ ಅಮ್ಮಾ?"

ಟೈಲರಮ್ಮ ಅವಳೆದುರು ನೆಲಕ್ಕೆ ಕುಳಿತಳು. "ನಂಬೋಕೆ ನಾನೇ ಬಿಡ್ತಿರ್ಲಿಲ್ಲ ಕಣೇ. ನಿನ್ನ ಮೇಲೆ ಹಾಕಿ ತಪ್ಪಿಸ್ಕೊಂಡೆ. ನನ್ನ ತಪ್ಪು."

ಹುಡುಗಿ ಸರಿ ಅನ್ನಲಿಲ್ಲ, ಮುನಿಸೂ ತೋರಿಸಲಿಲ್ಲ. ಎಡಗೈಯಲ್ಲಿ ಬಾಚಣಿಗೆ ತಂದು, ಬೆನ್ನು ತಿರುಗಿಸಿ ಕುಳಿತು, "ಜಡೆ ಹಾಕು, ನಂಗೆ ಆಗ್ತಿಲ್ಲ," ಎಂದಳು. ಟೈಲರಮ್ಮ ಸಿಕ್ಕು ಬಿಡಿಸತೊಡಗಿದಳು.