ಬಾಗಿದ ತಟ್ಟೆ

ಮೇಜಿನ ಮೇಲಿಟ್ಟ ತಟ್ಟೆ ಟಕ್‌ಟಕ್ಕೆಂದು ಎರಡು ಸಲ ಓಲಾಡಿ ನಿಂತಿತು. ದೊಡ್ಡ ಗಿರಾಕಿಗೆ ತೋರಿಸಲೆಂದೇ ಮೂರು ವಾರ ದುಡಿದು ಮಾಡಿದ, ಮೊಳದುದ್ದದ ಪಿಂಗಾಣಿ ತಟ್ಟೆ. ಒಂದು ಅಂಚು ಮೇಲೆದ್ದಿತ್ತು.

ಉರಿ ಜಾಸ್ತಿಯಾಗಿದೆ ಎಂದರು ಸೂಪರ್‌ವೈಸರ್. ಹಾಗಿದ್ದರೆ ಭಟ್ಟಿಯವನು ಇವತ್ತೇ ಲೆಕ್ಕ ಮುಗಿಸಿ ಮನೆಗೆ ಹೋಗಲಿ ಎಂದರು ಮ್ಯಾನೇಜರು.

ಸೂಪರ್‌ವೈಸರ್ ಪಿಂಗಾಣಿಯನ್ನು ಕಾಲೇಜಿನಲ್ಲಿ ಓದಿ ಬಂದವರು. ಬಂದ ವಾರವೇ ಎಲ್ಲರನ್ನೂ ಕೂರಿಸಿ ಪಾಠ ಮಾಡಿದ್ದರು: ಈ ಮಣ್ಣಿನ ಕಣಗಳು ಚಪ್ಪಟೆ ಹಾಳೆಗಳಿದ್ದಂತೆ, ಹಸಿಯಲ್ಲಿ ಒಮ್ಮೆ ಬಾಗಿದರೆ ಅವು ಜರುಗಿದ್ದು ಜರುಗಿದ್ದೇ, ಕಣ್ಣಿಗೆ ಎಷ್ಟೇ ನೇರ ಕಂಡರೂ ಬೆಂಕಿಯಲ್ಲಿ ಮೆತ್ತಗಾದಾಗ ಹಳೆಯ ಬಾಗು ಮರಳುತ್ತದೆ. ಕೆಲಸದ ಹೆಂಗಸರು ಆಕಳಿಸುತ್ತ ಕೇಳಿದ್ದರು. ತಾವು ಕೆಲಸಕ್ಕೆ ಸೇರಿದ ಮರುದಿನವೇ ಅವರಿಗದು ಗೊತ್ತಾಗಿತ್ತು.

ಅಂಚು ನುಣುಪು ಮಾಡುವವಳು ಬಾಗಿಲ ಬಳಿ ನಿಂತಿದ್ದಳು. ಹತ್ತು ದಿನದ ಹಿಂದೆ ಇದೇ ಸೂಪರ್‌ವೈಸರ್ ಫೋನಿನಲ್ಲಿ ಹರಟುತ್ತ ಹಸಿ ತಟ್ಟೆಯನ್ನು ಒಂದೇ ಕೈಯಲ್ಲಿ ಎತ್ತಿದ್ದನ್ನು, ಅದು ಬಳುಕಿದ್ದನ್ನು, ಹಲಗೆಗೊತ್ತಿ ಸಮ ಮಾಡಿ "ಏನೂ ಆಗಿಲ್ಲ ಬಿಡಮ್ಮ" ಎಂದು ನಕ್ಕದ್ದನ್ನು ಅವಳೊಬ್ಬಳೇ ಕಂಡಿದ್ದಳು. ಅವಳ ಕೆಲಸ ಕಾಯಂ ಮಾಡುವ ಕಾಗದಕ್ಕೆ ಬೀಳಬೇಕಾದ ರುಜುವೂ ಅವರದೇ.

ಭಟ್ಟಿಯವನು ಅವಳ ಚಿಕ್ಕಪ್ಪ. ಮೂವತ್ತು ವರ್ಷ ಉರಿ ಕಾಯ್ದವನು. ಮ್ಯಾನೇಜರ ಕೈಕಾಲು ಹಿಡಿದು ಅವಳನ್ನು ಒಳಗೆ ಸೇರಿಸಿದವನು. ಮುಂದೆ ಬಂದು ತಟ್ಟೆಯನ್ನು ಮಗುಚಿ, ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿದ.

"ಇದು ಉರಿಯಿಂದ ಆಗಿದ್ದಲ್ಲ ಸಾರ್. ಹಸೀಲಿ ಬಗ್ಗಿಸಿ ಯಾರೋ ತಿದ್ದಿದಾರೆ." ಆಮೇಲೆ ಅವಳತ್ತ ತಿರುಗಿದ. "ನಿನ್ನ ಕೈ ದಾಟಿ ಬಂದಿದ್ದಲ್ವಾ ಪುಟ್ಟಿ? ಯಾರಾದ್ರೂ ಮುಟ್ಟಿದ್ರಾ?"

ಸೂಪರ್‌ವೈಸರ್ ಕನ್ನಡಕ ತೆಗೆದು ಬಹಳ ಶ್ರದ್ಧೆಯಿಂದ ಒರೆಸತೊಡಗಿದರು.

"ಇಲ್ಲ ಚಿಕ್ಕಪ್ಪ. ಬೇರೆ ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಬಗ್ಗಿಸಿದ್ದು ಇವಳೇ ಅಂತೀಯಾ?" ಎಂದರು ಸೂಪರ್‌ವೈಸರ್, ಕನ್ನಡಕ ಹಾಕಿಕೊಳ್ಳುತ್ತ.

ತಟ್ಟೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಚಿಕ್ಕಪ್ಪ ಅವಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಉರೀದೇ ತಪ್ಪಿರ್ಬೇಕು ಸಾರ್," ಎಂದ. "ವಯಸ್ಸಾಯ್ತು. ಕಣ್ಣು ಮೊದಲಿನ ಹಾಗಿಲ್ಲ."

ಅವಳ ಕಾಗದಕ್ಕೆ ಅಂದು ಸಂಜೆಯೇ ರುಜು ಬಿತ್ತು. ಅದಕ್ಕೆ ಸೂಪರ್‌ವೈಸರ್ ಒಳ್ಳೆಯ ಪೆನ್ನನ್ನೇ ಬಳಸಿದ್ದರು.

ಬಸ್ಸಿನಲ್ಲಿ ಅವಳು ಪಕ್ಕದ ಸೀಟಿನಿಂದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇಳಿಯುವ ಸ್ಟಾಪು ಬರುವ ತನಕ ಚಿಕ್ಕಪ್ಪ ಕಂಬಿ ಹಿಡಿದು ನಿಂತೇ ಇದ್ದ.